ಖಾಲಿಯೆಂದುಕೊಂಡ ಮನೆ

ಕನ್ನಡ ಮೇಷ್ಟರಿಗೂ ಕಂಪ್ಯೂಟರಿಗೂ ಎತ್ತಣ ಸಂಬಂಧವೆಂದು ಓದುಗರು ಕೇಳಬಹುದು. ನನ್ನ ಮನೆಯಾಕೆಯೂ ಅದನ್ನೇ ಕೇಳುತ್ತಾಳೆ. ಅಂಕಪಟ್ಟಿ ತುಂಬಲು ಕೂತು, ಎರಡು ಸಲ ಎಲ್ಲವನ್ನೂ ಅಳಿಸಿಹಾಕಿ, ಮೂರನೆಯ ಸಲ ವಾಣಿಜ್ಯ ವಿಭಾಗದ ಯುವಕರೊಬ್ಬರನ್ನು ಕೂಗುವುದು. ಬಹುಕಾಲ ನಮ್ಮ ಸಂಬಂಧ ಇಷ್ಟೇ ಆಗಿತ್ತು. ಅದು ಬೆಳೆದದ್ದು ನನ್ನ ಅಕ್ಕನ ಮಗನಿಂದ.

ಹುಡುಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. 2020ರ ಲಾಕ್‌ಡೌನಿನಲ್ಲಿ ನಮ್ಮ ಮನೆಗೆ ಬಂದವನು ಎರಡು ತಿಂಗಳು ಇಲ್ಲಿಯೇ ಉಳಿದ. ನಾನಾಗ ಹಳಗನ್ನಡ ಪಾಠಕ್ಕೆಂದು ಒಂದು ಪದಸೂಚಿ ಮಾಡುತ್ತಿದ್ದೆ. ಒಂದೊಂದು ಚೀಟಿಯ ಮೇಲೆ ಒಂದೊಂದು ಪದ ಬರೆದು ಅಕಾರಾದಿಯಾಗಿ ಜೋಡಿಸುವುದು. ಯಾರಾದರೂ ಫ್ಯಾನು ಹಾಕಿದರೆ ಮೊದಲಿನಿಂದ ಶುರುಮಾಡುವುದು. ಹುಡುಗ ನೋಡುವಷ್ಟು ನೋಡಿ, "ಇದನ್ನು ಯಂತ್ರ ಮಾಡುತ್ತೆ ಮಾವ" ಎಂದ.

ಯಂತ್ರ ಮಾಡಿತು. ಆದರೆ ೞಕಾರವಿದ್ದ ಪದಗಳನ್ನೆಲ್ಲ ಹಿಂದಕ್ಕೆ ತಳ್ಳಿ ಕೂರಿಸಿತು. ಕಾರಣ ಕೇಳಿದೆ. ಲೋಕದ ಲಿಪಿಗಳಿಗೆಲ್ಲ ಯೂನಿಕೋಡ್ ಎಂಬ ಒಂದು ವ್ಯವಸ್ಥೆಯಿದೆಯಂತೆ. ಅದರಲ್ಲಿ ಕನ್ನಡಕ್ಕೆ 128 ಮನೆಗಳ ಒಂದು ಬೀದಿ. ಸ್ವರ, ವ್ಯಂಜನ, ಗುಣಿತದ ಗುರುತು, ಅಂಕಿ ಎಲ್ಲಕ್ಕೂ ಒಂದೊಂದು ಮನೆ. ಯಂತ್ರ ಮನೆಯ ನಂಬರು ನೋಡಿ ಸಾಲು ಮಾಡುತ್ತದೆಯೇ ಹೊರತು ಕೇಶಿರಾಜನನ್ನು ಕೇಳಿ ಅಲ್ಲ. ಪಾಪ, ನಮ್ಮ ೞಕಾರಕ್ಕೆ ಗುಣಿತದ ಗುರುತುಗಳೆಲ್ಲ ಮುಗಿದ ಮೇಲೆ ಊರಾಚೆ ಜಾಗ ಸಿಕ್ಕಿದೆ. ಸಾಲದೆಂದು, ದಾಖಲೆಯಲ್ಲಿ ಅದರ ಹೆಸರು 'ಫಾ' ಎಂದು ತಪ್ಪಾಗಿ ಬಿದ್ದಿದೆ. ಯೂನಿಕೋಡಿನಲ್ಲಿ ಒಮ್ಮೆ ಇಟ್ಟ ಹೆಸರನ್ನು ಬದಲಿಸುವ ಪದ್ಧತಿಯಿಲ್ಲವಾದ್ದರಿಂದ, ತಪ್ಪನ್ನು ಹಾಗೆಯೇ ಉಳಿಸಿ, ಪಕ್ಕದಲ್ಲಿ ಸರಿಯಾದ ಹೆಸರನ್ನೂ ಬರೆದಿಟ್ಟಿದ್ದಾರೆ.

ಹುಡುಗ ಈ ಕ್ರಮವನ್ನು ಸರಿಪಡಿಸಲು ಒಂದು ಲೈಬ್ರರಿ ಬರೆದ. ಲೈಬ್ರರಿಯೆಂದರೆ ಬೀರು, ಧೂಳು, ನಿದ್ರಿಸುವ ಜವಾನರನ್ನು ನೆನೆಯಬೇಡಿ. ಇದು ಬೇಕಾದವರು ತಮ್ಮ ಕೆಲಸಕ್ಕೆ ಎತ್ತಿಕೊಂಡು ಬಳಸಬಹುದಾದ ಸಿದ್ಧ ಸೂತ್ರಗಳ ಕಟ್ಟು. ಪೈಥಾನ್ ಎಂಬ ಭಾಷೆಯಲ್ಲಿ ಅದನ್ನು ಬರೆದ. ಬರೆದದ್ದು ಸರಿಯೋ ತಪ್ಪೋ ಎಂದು ನೋಡಲು ಟೆಸ್ಟುಗಳನ್ನೂ ಬರೆಯಬೇಕಂತೆ. ಇದು ನಮ್ಮ ಪ್ರಶ್ನೆಪತ್ರಿಕೆ ಮತ್ತು ಮಾದರಿ ಉತ್ತರಗಳ ಹಾಗೆ. ಈ ಪದ ಕೊಟ್ಟರೆ ಈ ಉತ್ತರ ಬರಬೇಕು. ಬಂದರೆ ಪಾಸು, ಇಲ್ಲದಿದ್ದರೆ ಫೇಲು. ಮೌಲ್ಯಮಾಪನ ಕ್ಷಣದಲ್ಲಿ ಮುಗಿಯುತ್ತದೆ, ಭತ್ಯೆಯ ಬಿಲ್ಲೂ ಇಲ್ಲ. ಮಾದರಿ ಉತ್ತರ ಕೊಡುವ ಭಾರ ನನ್ನ ಮೇಲೆ ಬಿತ್ತು. ಇಪ್ಪತ್ತು ವರ್ಷ ಮಾಡಿದ ಕೆಲಸವೇ ಅಲ್ಲವೇ? ಉತ್ಸಾಹದಿಂದ ಕೊಟ್ಟೆ.

ಕೊನೆಗೆ ಹುಡುಗ ಕೇಳಿದ: "ಬೀದಿಯಲ್ಲಿ ವಾಸವಿರುವುದು 89 ಮನೆ ಮಾವ. ಎಲ್ಲಕ್ಕೂ ನಮ್ಮ ಕ್ರಮದಲ್ಲಿ ಜಾಗ ಕೊಟ್ಟಿದ್ದೇನೆ. ಇನ್ನು ಯಾರಾದರೂ ಬರುವವರಿದ್ದಾರೆಯೇ?"

ನಾನು ಕಾಫಿ ಕುಡಿಯುತ್ತಿದ್ದೆ. "ಸಾವಿರಾರು ವರ್ಷದ ಲಿಪಿ ಕಣಯ್ಯ, ಇನ್ನು ಯಾರು ಹುಟ್ಟಿ ಬರಬೇಕು? 89 ಎಂದು ಬರೆದುಬಿಡು" ಎಂದೆ. ಬರೆದ. ಬೀದಿಯಲ್ಲಿ 89 ಮನೆಗಳಿರಬೇಕು, ಹೆಚ್ಚೂ ಕೂಡದು, ಕಡಿಮೆಯೂ ಕೂಡದು ಎಂಬುದೂ ಒಂದು ಟೆಸ್ಟಾಯಿತು.

ನಮ್ಮ ಪಠ್ಯಪುಸ್ತಕಗಳ ಎರಡನೆಯ ಆವೃತ್ತಿಯಲ್ಲಿ ಬೆಲೆಯೊಂದು ಬದಲಾಗಿರುತ್ತದೆ. ಪೈಥಾನಿನದು ಹಾಗಲ್ಲ, ಪ್ರತಿವರ್ಷ ಅಕ್ಟೋಬರಿನಲ್ಲಿ ನಿಜವಾಗಿಯೂ ಹೊಸ ಆವೃತ್ತಿ. 2020ರ ಅಕ್ಟೋಬರ್ ದಾಟಿತು, 2021ರದೂ ದಾಟಿತು. ನಮ್ಮ ಟೆಸ್ಟುಗಳೆಲ್ಲ ಪಾಸು. 2022ರಲ್ಲಿ 3.11 ಎಂಬ ಆವೃತ್ತಿ ಬಂದದ್ದು ಅಕ್ಟೋಬರ್ 24, ದೀಪಾವಳಿಯ ದಿನ. ಹುಡುಗ ಹಬ್ಬಕ್ಕೆ ಬಂದಿದ್ದ. ಬಲಿಪಾಡ್ಯಮಿಯ ಮಧ್ಯಾಹ್ನ ಹೋಳಿಗೆಯ ಮಂಪರಿನಲ್ಲಿ ನಾನಿದ್ದಾಗ, "ಮಾವ, ಒಂದು ಟೆಸ್ಟು ಬಿತ್ತು" ಎಂದು ಕೂಗಿದ. 89 ಇರಬೇಕಾದಲ್ಲಿ 90 ಬಂದಿದೆ.

"ನಿನ್ನ ಯಂತ್ರಕ್ಕೆ ಎಣಿಕೆ ತಪ್ಪಿದೆ" ಎಂದೆ, ಕಣ್ಣು ತೆರೆಯದೆ.

"ತಪ್ಪಿಲ್ಲ ಮಾವ. ಹಳೆಯ ಪೈಥಾನಿಗೆ ಯೂನಿಕೋಡಿನ 13ನೆಯ ಆವೃತ್ತಿ ಗೊತ್ತಿತ್ತು, ಇದಕ್ಕೆ 14 ಗೊತ್ತು. ೞಕಾರದ ಎಡಗಡೆ ಖಾಲಿಯಿದ್ದ ಮನೆಗೆ ಯಾರೋ ಬಂದಿದ್ದಾರೆ. ತೆಲುಗಿನ ಬೀದಿಗೂ ಇದೇ ಹೆಸರಿನವರು ಬಂದಿದ್ದಾರೆ. ಹೆಸರು, ನಕಾರ ಪೊಲ್ಲು."

ನನ್ನ ಮಂಪರು ಹಾರಿತು. ನಕಾರ ಪೊಲ್ಲು ಹೊಸಬನಲ್ಲ. ಸ್ವರವಿಲ್ಲದ ನಕಾರಕ್ಕೆ ಹಿಂದೆ ಇದ್ದ ಬೇರೆಯದೇ ಆದ ರೂಪ ಅದು. ನಾವೀಗ 'ನ್' ಎಂದು ಬರೆಯುವಲ್ಲಿ ಹಿಂದಿನವರು ಅದನ್ನು ಬರೆಯುತ್ತಿದ್ದರು. ಎಂ.ಎ. ಓದುವಾಗ ಪರಿಚಯವಾಗಿತ್ತು, ಪರೀಕ್ಷೆ ಮುಗಿದ ಮೇಲೆ ಮರೆತಿದ್ದೆ. ಆದರೆ ಮಂಪರು ಹಾರಿದ್ದು ಅದಕ್ಕಲ್ಲ.

2019ರಲ್ಲಿ ನನ್ನ ತರಗತಿಯಲ್ಲಿ ಒಬ್ಬ ಹುಡುಗಿಯಿದ್ದಳು. ತುಂಬ ಹಳೆಯ ಅಚ್ಚಿನ ಒಂದು ಪುಟದ ಜೆರಾಕ್ಸ್ ಕೊಟ್ಟು, ನಕಲು ಮಾಡಿ ಅರ್ಥ ಬರೆಯಿರಿ ಎಂದಿದ್ದೆ. ಉಳಿದವರೆಲ್ಲ ಅಂದಾಜಿನಿಂದ 'ನ್' ಎಂದು ಬರೆದು ಕೈತೊಳೆದುಕೊಂಡರು. ಇವಳು ಮಾತ್ರ ಆ ಪುಟದಲ್ಲಿದ್ದ ರೂಪವನ್ನೇ, ಏಳು ಕಡೆಯಲ್ಲೂ, ರಂಗೋಲಿಯಿಡುವ ಶ್ರದ್ಧೆಯಿಂದ ಬರೆದಿದ್ದಳು. ಅರವತ್ತು ಪುಸ್ತಕ ತಿದ್ದುವ ಅವಸರದಲ್ಲಿ ನಾನು ಏಳಕ್ಕೂ ಕೆಂಪು ಸುತ್ತು ಹಾಕಿ ಎರಡು ಅಂಕ ಕಳೆದೆ. ಅವಳು ಜೆರಾಕ್ಸ್ ಹಿಡಿದು ಬಂದು, "ಪುಸ್ತಕದಲ್ಲಿ ಹೀಗೇ ಇದೆ ಸರ್" ಎಂದಳು. "ಪುಸ್ತಕ ಹಳೆಯದಮ್ಮ, ಪರೀಕ್ಷೆ ಹೊಸದು. ಹೀಗೆ ಬರೆದರೆ ಯಾರು ಓದುತ್ತಾರೆ?" ಎಂದೆ. ಸ್ಟಾಫ್‌ರೂಮಿನಲ್ಲಿ ಇಬ್ಬರು ನಕ್ಕರು. ಅವಳು ಪುಸ್ತಕ ಎತ್ತಿಕೊಂಡು ಹೋದಳು. ಮುಂದೆ ಅವಳು ಕನ್ನಡ ಎಂ.ಎ.ಗೆ ಸೇರಲಿಲ್ಲ. ಆ ಎರಡು ಅಂಕಕ್ಕೂ ಇದಕ್ಕೂ ಸಂಬಂಧವಿದೆಯೆಂದು ನಾನು ಹೇಳಲಾರೆ. ಇಲ್ಲವೆನ್ನುವ ಧೈರ್ಯವೂ ನನಗಿಲ್ಲ.

"89 ತೆಗೆದು 90 ಎಂದು ಬರೆದುಬಿಡಲೇ?" ಎಂದು ಹುಡುಗ ಕೇಳಿದ. ಬರೆದರೆ ಟೆಸ್ಟು ಪಾಸಾಗುತ್ತದೆ. ಕೃಪಾಂಕ ಕೊಟ್ಟು ದಾಟಿಸುವ ವಿದ್ಯೆ ನನಗೆ ಹೊಸದಲ್ಲ. ಆದರೆ ಹಾಗೆ ಮಾಡಿದರೆ ಬಂದವನಿಗೆ ಲೆಕ್ಕದಲ್ಲಿ ಜಾಗ ಸಿಕ್ಕಿತೇ ಹೊರತು ಸಾಲಿನಲ್ಲಿ ಸಿಗಲಿಲ್ಲ. ಹಳೆಯ ರೂಪದಲ್ಲಿ ಬರೆದ ಪದ ಪದಸೂಚಿಯ ಒಂದು ಕಡೆ, ಅದೇ ಪದ 'ನ್' ಹಾಕಿ ಬರೆದದ್ದು ಇನ್ನೊಂದು ಕಡೆ ಬೀಳುತ್ತದೆ. "ಬೇಡ" ಎಂದೆ. "ಅವನನ್ನು ನಕಾರದ ಮನೆಯಲ್ಲೇ ಕೂರಿಸು." ಹಾಗಾದರೆ ಹೊಸ ಟೆಸ್ಟು ಬೇಕು, ಅದಕ್ಕೆ ಪದಗಳು ಬೇಕು ಎಂದ.

ಪದಗಳು ಎಲ್ಲಿವೆಯೆಂದು ನನಗೆ ಗೊತ್ತಿತ್ತು. ಜೆರಾಕ್ಸು ನನ್ನಲ್ಲಿ ಉಳಿದಿರಲಿಲ್ಲ. ಮೂರು ದಿನ ಹಿಂದೆಮುಂದೆ ನೋಡಿ, ಕಾಲೇಜಿನ ರಿಜಿಸ್ಟರಿನಿಂದ ನಂಬರು ಹುಡುಕಿ ಆ ಹುಡುಗಿಗೆ ಫೋನು ಮಾಡಿದೆ. ಸಹಕಾರ ಸಂಘವೊಂದರಲ್ಲಿ ಕೆಲಸಕ್ಕಿದ್ದಳು. ನಡೆದದ್ದನ್ನು ಹೇಳಿದೆ, ಕಳೆದ ಎರಡು ಅಂಕವನ್ನು ಈಗ ಕೊಡುವ ಅಧಿಕಾರ ನನಗಿಲ್ಲ, ತಪ್ಪು ನನ್ನದೆಂದು ಹೇಳುವ ಅಧಿಕಾರವಿದೆ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಆ ಅಕ್ಷರ ಬರೆಯೋದು ನನಗೆ ತುಂಬ ಇಷ್ಟವಾಗಿತ್ತು ಸರ್" ಎಂದಳು, ಅಷ್ಟೇ. ಸಂಜೆ ಫೋನಿಗೆ ಒಂದು ಚಿತ್ರ ಬಂತು. ಪುಸ್ತಕವನ್ನು ಇಟ್ಟುಕೊಂಡಿದ್ದಳು. ಏಳು ಪದ, ಏಳು ಕೆಂಪು ಸುತ್ತು.

ಆ ಏಳೂ ಈಗ ನಮ್ಮ ಲೈಬ್ರರಿಯ ಟೆಸ್ಟುಗಳು. ನಾನು ತಪ್ಪೆಂದು ಸುತ್ತು ಹಾಕಿದವು ಅಲ್ಲಿ ಮಾದರಿ ಉತ್ತರಗಳಾಗಿ ಕೂತಿವೆ. ಆ ಅಕ್ಷರವನ್ನು ಇಲ್ಲಿ ಬರೆದು ತೋರಿಸುವ ಆಸೆಯಿತ್ತು. ಪತ್ರಿಕೆಯ ಅಚ್ಚಿನಲ್ಲಿ ಅದು ಮೂಡುತ್ತದೋ ಇಲ್ಲವೋ ಎಂಬ ಅಳುಕಿನಿಂದ ಬಿಟ್ಟಿದ್ದೇನೆ.

ಮಾವನಿಗೆ ಆದದ್ದು ಅಳಿಯನಿಗೂ ಆಗಬೇಡವೇ? 2023ರ ಅಕ್ಟೋಬರ್ 2ರಂದು 3.12 ಬಂತು. ಆ ಸಲ ಒಂದು ಟೆಸ್ಟಲ್ಲ, ಸಾರಾಸಗಟು ಎಲ್ಲವೂ ಬಿದ್ದವು. ಉತ್ತರ ಸಮವಾಗಿದೆಯೇ ಎಂದು ಕೇಳುವ 'ಅಸರ್ಟ್ ಈಕ್ವಲ್ಸ್' ಎಂಬ ಆಜ್ಞೆಯನ್ನು ಭಾಷೆಯಿಂದ ತೆಗೆದುಹಾಕಿದ್ದರು. 'ಅಸರ್ಟ್ ಈಕ್ವಲ್' ಎಂದೇ ಬರೆಯಬೇಕು. ಕೊನೆಯ ಒಂದು 'ಸ್' ಅಷ್ಟೇ ವ್ಯತ್ಯಾಸ. ಅದನ್ನು ಬಳಸಬೇಡಿ ಎಂಬ ಎಚ್ಚರಿಕೆ 2011ರ ಆವೃತ್ತಿಯಿಂದಲೂ ಇತ್ತಂತೆ. ನಮ್ಮ ಹುಡುಗ ಟೆಸ್ಟು ನಡೆಸಿದಾಗಲೆಲ್ಲ ಅದು ತೆರೆಯ ಮೇಲೆ ಕಾಣಿಸಿಕೊಂಡಿತ್ತು. ಕೊನೆಯಲ್ಲಿ ಪಾಸೆಂದು ಬರುತ್ತಿತ್ತಲ್ಲ, ಅವನು ಓದಿರಲಿಲ್ಲ. "ಒಂದು ಸಕಾರಕ್ಕೆ ಎಲ್ಲರನ್ನೂ ಫೇಲು ಮಾಡುವುದೇ ಮಾವ!" ಎಂದು ಗೊಣಗಿದ. ನನಗೆ ನಗು ಬಂತು. ಏಳು ಸುತ್ತುಗಳ ನೆನಪಾಗಿ ನಗಲಿಲ್ಲ.

'ಸ್' ತೆಗೆದು ಮತ್ತೆ ನಡೆಸಿದರೆ ಎಲ್ಲ ಪಾಸು, ಒಂದರ ಹೊರತು. ಬೀದಿಯಲ್ಲಿ ಆಗ 91 ಮನೆ. ಅಕ್ಷರದ ಮೇಲೆ ಬಲಗಡೆ ಇಡುವ ಅನುಸ್ವಾರದ ಗುರುತೊಂದು ಬಂದಿತ್ತು. ಈ ಸಲ ಹುಡುಗ ಎಣಿಕೆಯ ಟೆಸ್ಟನ್ನೇ ತೆಗೆದುಹಾಕಿ ಬೇರೆ ಬರೆದ. ಎಷ್ಟು ಜನ ಇದ್ದೀರಿ ಎಂದು ಅದು ಕೇಳುವುದಿಲ್ಲ. ಸಾಲಿನಲ್ಲಿ ಜಾಗ ಸಿಗದೆ ಯಾರಾದರೂ ನಿಂತಿದ್ದೀರಾ ಎಂದು ಕೇಳುತ್ತದೆ, ನಿಂತಿದ್ದರೆ ಹೆಸರು ಹೇಳುತ್ತದೆ.

ನಾನು ಈಗಲೂ ಪುಸ್ತಕ ತಿದ್ದುತ್ತೇನೆ. ಅರವತ್ತು ಇದ್ದದ್ದು ಎಪ್ಪತ್ತಾಗಿದೆ, ಅವಸರ ಕಡಿಮೆಯಾಗಿಲ್ಲ. ಆದರೆ ಗೊತ್ತಿಲ್ಲದ್ದು ಕಣ್ಣಿಗೆ ಬಿದ್ದರೆ ಕೆಂಪು ಸುತ್ತು ಹಾಕುವುದಿಲ್ಲ. ಅಂಚಿನಲ್ಲಿ ಪೆನ್ಸಿಲಿನಿಂದ "ಎಲ್ಲಿಂದ ಬಂತು? ಬಂದು ಹೇಳಿ" ಎಂದು ಬರೆಯುತ್ತೇನೆ. ಹೆಚ್ಚಿನವರು ಬರುವುದಿಲ್ಲ. ಹೋದ ವಾರ ಒಬ್ಬ ಬಂದಿದ್ದ.