ಹೆಸರಿಟ್ಟ ದುಡ್ಡು

ಇದು 2003ನೇ ಇಸವಿಯ ಅಡಕೆ ಸುಗ್ಗಿಯ ಒಂದು ರಾತ್ರಿಯ ಮಾತು. ತೀರ್ಥಹಳ್ಳಿಯಿಂದ ಶೃಂಗೇರಿ ಕಡೆ ಹೋಗುವಾಗ ಟಾರು ರಸ್ತೆ ಬಿಟ್ಟು ಒಳಗೆ ಇಳಿದರೆ ನನ್ನ ಅಕ್ಕನ ಮನೆ. ಅಂಗಳದ ಮೂಲೆಯ ಒಲೆಯ ಮೇಲೆ ಹಂಡೆ ಇಟ್ಟಿದ್ದರು. ಸುಲಿದ ಅಡಕೆ ಚೊಗರಿನಲ್ಲಿ ಕುದಿಯುತ್ತಿತ್ತು. ಸುಲಿಯಲು ಬಂದ ಅಕ್ಕಪಕ್ಕದವರು ಮೆಟ್ಟುಗತ್ತಿ ಹಿಡಿದು ಸಾಲಾಗಿ ಕೂತಿದ್ದರು. ಅಡಕೆ ರೇಟು ಬಿದ್ದು ಕೆಲವು ವರ್ಷವೇ ಆಗಿತ್ತು. ಬೇರೆ ಕಾಲವಾಗಿದ್ದರೆ ಅಂಥ ಸುಗ್ಗಿಯಲ್ಲಿ ಮಾತೇ ಹೊರಡುತ್ತಿರಲಿಲ್ಲ. ಆ ವರ್ಷ ಮಾತ್ರ ಎಲ್ಲರ ಮುಖವೂ ಗೆಲುವಾಗಿತ್ತು, ಎಲ್ಲರ ಬಾಯಲ್ಲೂ ಒಂದೇ ಹೆಸರು: ವೆನಿಲಾ.

ಆ ಕಾಲವನ್ನು ನೋಡದವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಪ್ರಪಂಚದ ವೆನಿಲಾದಲ್ಲಿ ಬಹುಪಾಲು ಬೆಳೆಯುವುದು ಮಡಗಾಸ್ಕರ್ ದ್ವೀಪದಲ್ಲಿ. 2000ದ ಏಪ್ರಿಲ್‌ನಲ್ಲಿ ಹುಡಾ ಎಂಬ ಚಂಡಮಾರುತ ಅಲ್ಲಿನ ವೆನಿಲಾ ಸೀಮೆಯನ್ನೇ ಮಲಗಿಸಿತು. 2002ರಲ್ಲಿ ಅಲ್ಲಿ ಅಧ್ಯಕ್ಷ ಯಾರು ಎಂಬ ಜಗಳವೇ ಎದ್ದು ರಸ್ತೆ, ಬಂದರು ಎಲ್ಲ ಕಟ್ಟಿಹೋದವು. ಹದವಾದ ಒಣ ವೆನಿಲಾ 2003ರ ಹೊತ್ತಿಗೆ ಕಿಲೋಗೆ 500 ಡಾಲರಿನ ಹತ್ತಿರ ಬಂತು. ಅದರ ಬಿಸಿ ನಮ್ಮ ಮಲೆನಾಡಿನ ತೋಟಗಳಿಗೂ ತಾಗಿತು. ಹಸಿ ಬೀನ್ಸಿಗೇ, ಅಂದರೆ ಬಳ್ಳಿಯ ಹಸಿ ಕೋಡಿಗೇ, ಕಿಲೋಗೆ 3,000 ರೂಪಾಯಿ. ಬಳ್ಳಿಯ ತುಂಡನ್ನು ಮೀಟರ್ ಲೆಕ್ಕದಲ್ಲಿ ಅಳೆದು ಮಾರುತ್ತಿದ್ದರು. ರಾತ್ರಿ ಕಳ್ಳರು ಬರುತ್ತಾರೆಂದು ತೋಟದಲ್ಲಿ ಅಟ್ಟಣೆ ಕಟ್ಟಿ, ನಾಯಿ ಸಾಕಿ, ಟಾರ್ಚ್ ಹಿಡಿದು ಕಾಯುತ್ತಿದ್ದರು. ಕಾಯಲಾಗದವರು ಕೋಡು ಬಲಿಯುವ ಮೊದಲೇ ಕಿತ್ತುಬಿಡುತ್ತಿದ್ದರು. ಎಳೆಯದಾಗಿ ಕಿತ್ತರೆ ಪರಿಮಳ ಕಟ್ಟುವುದಿಲ್ಲ, ಆದರೂ ಆ ವರ್ಷ ಅದನ್ನು ಕೊಳ್ಳುವವರಿದ್ದರು.

ನನ್ನ ಭಾವ ಆ ಊರಿಗೆ ವೆನಿಲಾ ತಂದವರಲ್ಲಿ ಮೊದಲಿಗರು. ಯಾರೂ ಅದರ ಕಡೆ ತಿರುಗಿ ನೋಡದ ಕಾಲದಲ್ಲಿ ಎಲ್ಲಿಂದಲೋ ಬಳ್ಳಿ ತಂದು ಗೊಬ್ಬರದ ಗಿಡಕ್ಕೆ ಹಬ್ಬಿಸಿದ್ದರು. ಅದು ಸೋಮಾರಿಯ ಬೆಳೆಯಲ್ಲ. ಹೂ ಬೆಳಿಗ್ಗೆ ಅರಳುತ್ತದೆ, ಮಧ್ಯಾಹ್ನದ ಹೊತ್ತಿಗೆ ಮುದುಡುತ್ತದೆ. ಅಷ್ಟರೊಳಗೆ ಒಂದೊಂದು ಹೂವಿಗೂ ಸಣ್ಣ ಕಡ್ಡಿಯಿಂದ ಕೈಯಾರೆ ಪಾಲಿನೇಷನ್ ಮಾಡಬೇಕು. ಆ ವಿದ್ಯೆಯನ್ನು 1841ರಲ್ಲಿ ಕಂಡುಹಿಡಿದದ್ದು ರಿಯೂನಿಯನ್ ದ್ವೀಪದ ಎಡ್ಮಂಡ್ ಆಲ್ಬಿಯಸ್ ಎಂಬ ಹನ್ನೆರಡು ವರ್ಷದ ಗುಲಾಮ ಹುಡುಗ. ಜಗತ್ತಿನ ಇಡೀ ವೆನಿಲಾ ವ್ಯಾಪಾರ ಆ ಹುಡುಗನ ಬೆರಳಿನ ಮೇಲೆ ನಿಂತಿದೆ. ಅವನು ಮಾತ್ರ ಬಡವನಾಗಿಯೇ ಸತ್ತ. ಈ ಕಥೆ ನೆನಪಾದಾಗಲೆಲ್ಲ ನನಗೆ ಸಂಕಟವಾಗುತ್ತದೆ. ನಮ್ಮಲ್ಲಿ ಆ ಕೆಲಸಕ್ಕೆ ಅಕ್ಕನಷ್ಟು ಚುರುಕಿನ ಕೈ ಮತ್ತೊಂದಿರಲಿಲ್ಲ. ಬೆಳಗಿನ ದೋಸೆ ಮುಗಿಸಿ ತೋಟಕ್ಕೆ ಇಳಿದರೆ ಬಿಸಿಲೇರುವವರೆಗೂ ಅವಳು ಅಲ್ಲೇ.

ಹಿಂದಿನ ವರ್ಷ ವೆನಿಲಾದಿಂದ ಮೊದಲ ಸಲ ದೊಡ್ಡ ಮೊತ್ತ ಬಂದಿತ್ತು. ಅದು ಕೈಗೆ ಬರುವ ಮೊದಲೇ ಅಕ್ಕ ಅದಕ್ಕೆ ದಾರಿ ತೋರಿಸಿಟ್ಟಿದ್ದಳು. ಸೊಸೈಟಿ ಸಾಲ ತೀರಿಸುವುದು, ಗುಡ್ಡದ ಮೇಲಿನ ಅಬ್ಬಿಯಿಂದ ತೋಟಕ್ಕೆ ಪೈಪು ಎಳೆಸುವುದು. ಎರಡೂ ಆದವು. ಬೇಸಗೆಯಲ್ಲಿ ಕೆರೆ ತಳ ಕಂಡರೂ ಅಬ್ಬಿಯ ನೀರು ಕರೆಂಟಿಲ್ಲದೆ, ಪಂಪಿಲ್ಲದೆ ತಾನಾಗಿ ಇಳಿದು ಬರುತ್ತಿತ್ತು.

ಈಗ ಆ ರಾತ್ರಿಗೆ ಬರುತ್ತೇನೆ. ಭಾವ ಊಟ ಮುಗಿಸಿ ಒಲೆಯ ಮುಂದೆ ಬಂದು ಕೂತರು. ಅವರ ಅಪ್ಪ ಜೀವಮಾನವಿಡೀ ದುಡಿದು ನೋಡದಷ್ಟು ದುಡ್ಡನ್ನು ಆ ವರ್ಷ ಅವರು ನೋಡಿದ್ದರು. ಬೆಂಕಿಗೆ ಒಂದು ಕೊರಡು ನೂಕಿ ಹೇಳಿದರು:

"ಹಸಿ ಮಾರೋದು ದಡ್ಡತನ. ಇನ್ಮೇಲೆ ನಾನೇ ಕ್ಯೂರಿಂಗ್ ಮಾಡಿಸ್ತೀನಿ. ಶೆಡ್ ಹಾಕ್ತೀನಿ, ಬ್ಯಾಂಕಿನವರು ಸಾಲ ಕೊಡ್ತೀವಿ ಅಂತ ಮನೆಬಾಗಿಲಿಗೇ ಬಂದಿದಾರೆ. ಊರಿನ ಬೀನ್ಸೆಲ್ಲ ನಾನೇ ಕೊಳ್ತೀನಿ."

"ಆಮೇಲೆ?" ಅಂದಳು ಅಕ್ಕ. ಅವಳ ಕೈ ಅಡಕೆ ಸುಲಿಯುತ್ತಲೇ ಇತ್ತು.

"ಆಮೇಲೆ ಎಕ್ಸ್‌ಪೋರ್ಟ್."

"ಆಮೇಲೆ?"

"ಆಮೇಲೆ ಇನ್ನೂ ದೊಡ್ಡದು. ಏನೇ ಇದು, ವಕೀಲರ ಥರ?"

"ಅಲ್ಲ, ಎಷ್ಟು ಬಂದರೆ ನಮ್ಮ ಕೆಲಸ ಆಯ್ತು ಅಂತ? ಯಾವ ರೇಟಿಗೆ ಮಾರ್ತೀರಿ, ಯಾವ ರೇಟಿಗೆ ಕೊಳ್ಳೋದು ನಿಲ್ಲಿಸ್ತೀರಿ? ಬಂದಿದ್ದನ್ನ ಯಾತಕ್ಕೆ ಹಾಕ್ತೀರಿ? ಅದನ್ನ ಈಗಲೇ ಹೇಳಿ."

"ಏರ್ತಾ ಇರೋ ರೇಟಿನಲ್ಲಿ ನಿಲ್ಲಿಸೋ ಮಾತೆಲ್ಲಿ ಬಂತು?" ಅಂದರು ಭಾವ. ಸುಲಿಯುತ್ತಿದ್ದವರೆಲ್ಲ ನಕ್ಕರು. ಅವರಲ್ಲಿ ಅರ್ಧ ಜನ ಆಗಲೇ ತಮ್ಮ ಬೀನ್ಸನ್ನು ಭಾವನಿಗೆ ಕೊಡುವುದೆಂದು ಮನಸ್ಸಿನಲ್ಲಿ ನಿಶ್ಚಯಿಸಿಕೊಂಡಿದ್ದರು. ಅಕ್ಕ ಮತ್ತೆ ಮಾತೆತ್ತಲಿಲ್ಲ.

ಅಕ್ಕನದು ವೈರಾಗ್ಯದ ಮಾತಾಗಿರಲಿಲ್ಲ. ಇದ್ದಷ್ಟರಲ್ಲೇ ತೃಪ್ತಿಪಡಿ ಎಂದು ಅವಳು ಹೇಳಲಿಲ್ಲ, ಶೆಡ್ ಬೇಡ ಎಂದೂ ಹೇಳಲಿಲ್ಲ. ಎಲ್ಲಿಗೆ ಹೊರಟಿದ್ದೇವೆ ಎಂದಷ್ಟೇ ಕೇಳಿದ್ದಳು. ನಮ್ಮ ಕಡೆಯವರಿಗೆ ನಷ್ಟವನ್ನು ನಿಭಾಯಿಸುವುದು ಚೆನ್ನಾಗಿ ಗೊತ್ತು. ಕೊಳೆರೋಗ ಬಂದರೆ ಯಾವ ಖರ್ಚು ಕಡಿಯಬೇಕು, ಯಾರ ಹತ್ತಿರ ಕೈಗಡ ಕೇಳಬೇಕು, ಮದುವೆಯನ್ನು ಯಾವ ವರ್ಷಕ್ಕೆ ಮುಂದೂಡಬೇಕು, ಎಲ್ಲವನ್ನೂ ಹಿರಿಯರು ಕಲಿಸಿ ಹೋಗಿದ್ದಾರೆ. ಗೆಲುವು ಬಂದಾಗ ಏನು ಮಾಡಬೇಕೆಂದು ಯಾರೂ ಕಲಿಸಿರಲಿಲ್ಲ, ಅವರಿಗೂ ಅದು ಬಂದಿರಲಿಲ್ಲವಲ್ಲ. ಉದ್ಯಮ ಹೂಡಿದ ಬೆಂಗಳೂರಿನ ಹುಡುಗರ ಜೊತೆ ಮಾತಾಡುವಾಗಲೂ ನನಗೆ ಇದೇ ಕಾಣುತ್ತದೆ. ಸೋತರೆ ಏನು ಎಂಬುದಕ್ಕೆ ಅವರ ಹತ್ತಿರ ಉತ್ತರ ಸಿದ್ಧ. ಗೆದ್ದರೆ ಏನು ಎಂದು ಕೇಳಿದರೆ ಇನ್ನೊಂದು ಗೆಲುವಿನ ಹೆಸರು ಹೇಳುತ್ತಾರೆ.

ಗುರಿ ಗೊತ್ತಿದ್ದರೆ ಯಾವಾಗ ಮಾರಬಾರದು ಎಂಬುದೂ ಗೊತ್ತಾಗುತ್ತದೆ. 1990ರಲ್ಲಿ ಇನ್ಫೋಸಿಸ್ ಇನ್ನೂ ಸಣ್ಣದಾಗಿದ್ದಾಗ ಅದನ್ನು 10 ಲಕ್ಷ ಡಾಲರಿಗೆ ಕೊಳ್ಳುವ ಪ್ರಸ್ತಾಪ ಬಂದಿತ್ತು. ಒಂಬತ್ತು ವರ್ಷ ದುಡಿದು ದಣಿದ ಸ್ಥಾಪಕರಲ್ಲಿ ಮಾರಿಬಿಡೋಣ ಎಂದವರಿದ್ದರು. ಬೇಕಾದರೆ ನಿಮ್ಮ ಪಾಲನ್ನು ನಾನೇ ಕೊಳ್ಳುತ್ತೇನೆ ಎಂದರು ನಾರಾಯಣ ಮೂರ್ತಿ, ಅವರ ಕೈಯಲ್ಲಿ ಅಷ್ಟು ದುಡ್ಡಿಲ್ಲದಿದ್ದರೂ. ಕೊನೆಗೆ ಯಾರೂ ಮಾರಲಿಲ್ಲ. ಭಾವನೂ ಮಾರಲಿಲ್ಲ, ಆದರೆ ಅವರು ಕಾದದ್ದು ಬೇರೆ ಥರ.

ಶೆಡ್ ಎದ್ದಿತು. ಬೀನ್ಸನ್ನು ಬಿಸಿನೀರಿನಲ್ಲಿ ಅದ್ದಿ, ಕಂಬಳಿಯಲ್ಲಿ ಸುತ್ತಿ ಬೆವರಿಸಿ, ಬಿಸಿಲು ತೋರಿಸಿ, ಪೆಟ್ಟಿಗೆಯಲ್ಲಿಟ್ಟು ತಿಂಗಳುಗಟ್ಟಲೆ ಹದಮಾಡುವ ಕೆಲಸ. ಇಡೀ ಮನೆ ಘಮಘಮ. ಆದರೆ ಲೆಕ್ಕ ನೋಡಿ. ಆರು ಕಿಲೋ ಹಸಿ ಬೀನ್ಸು ಹದವಾದರೆ ಒಂದು ಕಿಲೋ ಒಣ ವೆನಿಲಾ. 3,000ದ ಹಾಗೆ ಆರು ಕಿಲೋಗೆ ಕೊಟ್ಟದ್ದು 18,000 ರೂಪಾಯಿ. 500 ಡಾಲರಿಗೇ ಮಾರಿದರೂ ಆಗಿನ ವಿನಿಮಯದಲ್ಲಿ ಬರುವುದು 22,500. ನಡುವೆ ಉಳಿಯುವ 4,500ರಲ್ಲಿ ಕೂಲಿ, ಬಡ್ಡಿ, ಮಧ್ಯವರ್ತಿ ಎಲ್ಲ ಕಳೆಯಬೇಕು. ರೇಟು ಐದರಲ್ಲಿ ಒಂದು ಪಾಲು ಇಳಿದರೆ ಸಾಕು, ಅಸಲಿಗೇ ಕೈ. ಎಷ್ಟಕ್ಕೆ ಕೊಳ್ಳುವುದು ನಿಲ್ಲಿಸುತ್ತೀರಿ ಎಂದು ಅಕ್ಕ ಕೇಳಿದ್ದು ಇದನ್ನೇ. ಒಂದು ಕಾಗದದ ಮೇಲೆ ಐದು ನಿಮಿಷ ಬರೆದಿದ್ದರೆ ಅವರಿಗೂ ಕಾಣುತ್ತಿತ್ತು. ಏರುವ ರೇಟು ಯಾರ ಕೈಗೂ ಪೆನ್ಸಿಲು ಕೊಡುವುದಿಲ್ಲ.

2004ರ ಮಾರ್ಚಿನಲ್ಲಿ ಗಾಫಿಲೋ ಎಂಬ ಇನ್ನೊಂದು ಚಂಡಮಾರುತ ಮಡಗಾಸ್ಕರಿಗೆ ಬಡಿಯಿತು. ನಮ್ಮೂರಲ್ಲಿ ಎಲ್ಲರೂ ಒಳಗೊಳಗೇ ಖುಷಿಪಟ್ಟರು. ಹೇಳಲು ಕಷ್ಟವಾಗುತ್ತದೆ, ಆದರೆ ಅದು ನಿಜ. ಇನ್ನು ರೇಟು ಮುಗಿಲಿಗೆ ಹೋಗುತ್ತದೆಂದು ಭಾವ ಪೆಟ್ಟಿಗೆಗಳಿಗೆ ಬೀಗ ಹಾಕಿದರು. ರೇಟು ಏರಲಿಲ್ಲ. ಐಸ್‌ಕ್ರೀಮ್, ಬಿಸ್ಕತ್ತು ಮಾಡುವವರು 500 ಡಾಲರಿನ ವೆನಿಲಾ ಬಿಟ್ಟು ಕಾರ್ಖಾನೆಯ ವೆನಿಲಿನ್ ಕಡೆ ತಿರುಗಿಯಾಗಿತ್ತು. ಹುಡಾ ಚಂಡಮಾರುತದ ನಂತರ ರೇಟು ನೋಡಿ ಬೇರೆ ಬೇರೆ ದೇಶಗಳಲ್ಲಿ ನೆಟ್ಟ ಬಳ್ಳಿಗಳೂ ಫಸಲಿಗೆ ಬರುತ್ತಿದ್ದವು. ವೆನಿಲಾ ಹೂ ಬಿಡಲು ಸುಮಾರು ಮೂರು ವರ್ಷ ಬೇಕು. ರೇಟು ಕಂಡು ನೆಟ್ಟವನ ಕೈಗೆ ಫಸಲು ಬರುವಾಗ ಆ ರೇಟು ಇರುವುದಿಲ್ಲ. 2005ರಲ್ಲಿ 500 ಡಾಲರಿನ ಸರಕು 50ಕ್ಕೆ ಬಂತು. ನಮ್ಮಲ್ಲಿ ಹಸಿ ಬೀನ್ಸನ್ನು ಕೇಳುವವರೇ ಇಲ್ಲವಾದರು. ಕಾಳುಮೆಣಸಿನ ಬಳ್ಳಿ ಕಿತ್ತು ವೆನಿಲಾ ಹಬ್ಬಿಸಿದವರ ಪಾಡು ಹೇಳತೀರದು.

ಭಾವ ಊರಿನವರಿಂದ ಬೀನ್ಸು ತಂದದ್ದು ಅರ್ಧ ದುಡ್ಡು ಕೊಟ್ಟು, ಅರ್ಧ ಮಾತು ಕೊಟ್ಟು. ಜೀಪು ಮಾರಿದರು, ಶೆಡ್ಡಿನ ತಗಡು ಬಿಚ್ಚಿ ಮಾರಿದರು, ಬ್ಯಾಂಕಿನ ಸಾಲ ಹೇಗೋ ತೀರಿತು. ಊರಿನ ಬಾಕಿ ಉಳಿಯಿತು. ಯಾರೂ ಮನೆಗೆ ಬಂದು ಕೂಗಾಡಲಿಲ್ಲ, ಆದರೆ ಮದುವೆ ಮನೆಗಳಲ್ಲಿ ಭಾವ ಊಟದ ಮೊದಲ ಪಂಕ್ತಿಗೆ ಕೂರುವುದನ್ನು ಬಿಟ್ಟರು. ಅಡಕೆ ಮಾರಿದಾಗಲೆಲ್ಲ ಒಬ್ಬಿಬ್ಬರದು ಚುಕ್ತಾ ಮಾಡುತ್ತಾ ಬಂದರು. ಆ ಅಡಕೆ ತೋಟ ಬೇಸಗೆಗಳನ್ನು ದಾಟಿದ್ದು ಅಬ್ಬಿಯ ನೀರಿನಿಂದ. ವೆನಿಲಾ ದುಡ್ಡಿನಲ್ಲಿ ಕೊನೆಗೆ ಕಣ್ಣಿಗೆ ಕಾಣುವಂತೆ ಉಳಿದದ್ದು ಆ ಒಂದು ಪೈಪು.

ಮುಂದೆ 2014 ಬಂತು. ಈ ಸಲ ಏರಿದ್ದು ಅಡಕೆ. ಅದೂ ಹಿಂದೆಂದೂ ಯಾರೂ ಕಾಣದ ಹಾಗೆ. ಮಳೆಗಾಲದಲ್ಲಿ ನಾನು ಹೋದಾಗ ಅಡುಗೆಮನೆಯ ಗೋಡೆಯಲ್ಲಿ ಹಳೇ ಕ್ಯಾಲೆಂಡರಿನ ಹಾಳೆಯೊಂದನ್ನು ಮಗುಚಿ ಅಂಟಿಸಿದ್ದರು. ಭಾವನ ಅಕ್ಷರ. ಮೇಲೆ ವೆನಿಲಾ ಬಾಕಿಯವರ ಹೆಸರುಗಳು. ಕೆಳಗೆ ಮಗನ ಓದಿನ ಕೊನೆಯ ಫೀಸು, ಡ್ರೈಯರ್ ಮನೆ, ಅತ್ತೆಯ ಕಣ್ಣಿನ ಆಪರೇಷನ್, ಕೈಯಲ್ಲಿ ಇರಬೇಕಾದ ಎರಡು ವರ್ಷದ ಖರ್ಚು. ಎಲ್ಲ ಕೂಡಿ, ಇರುವ ಅಡಕೆಯಿಂದ ಭಾಗಿಸಿ, ಕ್ವಿಂಟಾಲಿಗೆ ಎಷ್ಟು ಬಂದರೆ ಸಾಕೆಂದು ಅಡಿಗೆರೆ ಎಳೆದಿದ್ದರು. ರಾಶಿ ಇಡಿ ಎಂಬ ದರ್ಜೆಯ ಅಡಕೆ ಆ ರೇಟಿಗೆ ಮುಟ್ಟಿದ ದಿನ ಮಂಡಿಗೆ ಲೋಡು ಕಳಿಸಿದರು. ಆಮೇಲೂ ರೇಟು ಏರುತ್ತಲೇ ಹೋಯಿತು, 80 ಸಾವಿರವನ್ನೂ ದಾಟಿತು. "ಸ್ವಲ್ಪ ತಡೀಬಾರದಿತ್ತಾ ಭಾವ" ಎಂದೆ. "ತಡೆದು ಏನು ಮಾಡ್ಲಿ? ಪಟ್ಟಿಯಲ್ಲಿ ಇದ್ದದ್ದೆಲ್ಲ ಆಯ್ತಲ್ಲ" ಎಂದರು. ಆ ಮಾತಿನಲ್ಲಿ ಪಶ್ಚಾತ್ತಾಪವಾಗಲಿ ಬಿಂಕವಾಗಲಿ ಇರಲಿಲ್ಲ. ಅಷ್ಟು ನಿರಾಳವಾಗಿ ಅವರು ವೆನಿಲಾದ ಭರದ ದಿನಗಳಲ್ಲೂ ಮಾತಾಡಿದ್ದು ನಾನು ಕೇಳಿಲ್ಲ.

ಬಾಕಿಯ ಪಟ್ಟಿಯಲ್ಲಿ ಕೊನೆಯವರು ಕೆಳಮನೆ ಅಜ್ಜಿ. ನಾನೂ ಜೊತೆಗೆ ಹೋಗಿದ್ದೆ. ಅಜ್ಜಿ ಕನ್ನಡಕ ಹಾಕಿಕೊಂಡು ನೋಟುಗಳನ್ನು ಎರಡು ಸಲ ಎಣಿಸಿದರು. ಆಮೇಲೆ ಅದರಲ್ಲಿ ಒಂದಿಷ್ಟು ತೆಗೆದು ಭಾವನ ಮುಂದೆ ಚಾಪೆಯ ಮೇಲಿಟ್ಟರು.

"ಇದು ನಿಂದು. ಆ ವರ್ಷ ಕಳ್ಳರ ಹೆದರಿಕೆಗೆ ನಾನು ಬಲಿಯೋ ಮೊದಲೇ ಕಿತ್ತುಕೊಟ್ಟಿದ್ದೆ. ನೀನು ಪೂರ್ತಿ ರೇಟು ಹಾಕಿದೀಯ."

ಭಾವ ಬೇಡವೆಂದರು. ಅಜ್ಜಿ ಕೇಳಲಿಲ್ಲ. "ಎಳೇದಕ್ಕೆ ಬಲಿತದ್ದರ ರೇಟು ನಾನು ತಗೊಳ್ಳಲ್ಲ. ತಗೊಂಡು ಕಾಫಿ ಕುಡಿದು ಹೋಗು" ಎಂದು ಒಳಗೆ ಸೊಸೆಗೆ ಕೂಗಿ ಹೇಳಿದರು.