ಎತ್ತೋಕೆ ಮುಂಚೆ ಇಳಿಸೋ ಜಾಗ ನೋಡ್ಕೊಳ್ಳಿ
(ಬೆಟ್ಟ ಕಲಿಸಿದ್ದು, ಭಾಗ 4)

ಈ ಫೋಟೋಗಳಲ್ಲಿ ಶಿಖರ ಇಲ್ಲ, ಗಮನಿಸಿದ್ರಾ? ಕುಮಾರ ಪರ್ವತದ ತುದಿಗೆ ನಾವು ಹೋಗ್ಲೇ ಇಲ್ಲ. "ಟಾಪ್ ಫೋಟೋ ಎಲ್ಲಿ?" ಅಂತ ಕೇಳ್ತಾನೇ ಇದ್ರಿ. ಇವತ್ತು ಹೇಳ್ಬಿಡ್ತೀನಿ.

2019ರ ಡಿಸೆಂಬರ್. ನಾನು, ನನ್ನ ತಮ್ಮ, ಇಬ್ಬರು ಗೆಳೆಯರು. ಅಕ್ಕಿಪೇಟೆಯಿಂದ ಮೆಜೆಸ್ಟಿಕ್‌ಗೆ ನಡ್ಕೊಂಡೇ ಹೋಗಿ ಕುಕ್ಕೆಯ ರಾತ್ರಿ ಬಸ್ ಹಿಡಿಯೋ ಪ್ಲಾನು. ಹೊರಡುವಾಗ ನಮ್ಮ ಬೀದಿಯಲ್ಲಿ ಮೂಟೆ ಇಳಿಸೋ ಹಮಾಲಿ ಅಣ್ಣ ನನ್ನ ಬ್ಯಾಗನ್ನ ಒಂದೇ ಕೈಲಿ ಎತ್ತಿ ನೋಡಿ ಕೇಳಿದ್ರು: "ಎತ್ತೋಕೆ ಮುಂಚೆ ಎಲ್ಲಿ ಇಳಿಸ್ಬೇಕು ಅಂತ ನೋಡ್ಕೊಂಡಿದೀಯಾ?" ನಕ್ಕು ಹೊರಟೆ.

ಬೆಂಗಳೂರಿನವರು ಮರೆಯೋ ಲೆಕ್ಕ ಒಂದಿದೆ. ನಮ್ಮೂರೇ ಸುಮಾರು 900 ಮೀಟರ್ ಎತ್ತರದಲ್ಲಿದೆ. ಬಸ್ಸು ರಾತ್ರಿಯೆಲ್ಲಾ ಓಡಿ, ಘಟ್ಟ ಇಳಿದು, ನಮ್ಮನ್ನ ಬುಡಕ್ಕೆ ತಂದು ಬಿಡುತ್ತೆ. ಅಲ್ಲಿಂದ 1712 ಮೀಟರ್‌ನ ಶಿಖರಕ್ಕೆ ಏರಬೇಕಾದ್ದು ನಮ್ಮ ಕಾಲು. ಒಂದು ಕಡೆಗೇ ಸುಮಾರು 13 ಕಿಲೋಮೀಟರ್.

ಮೊದಲ ದಿನ ಕಾಡಿನ ನೆರಳು, ಭಟ್ಟರ ಮನೆಯಲ್ಲಿ ಬಿಸಿ ಅನ್ನ ಸಾಂಬಾರು, ಹತ್ತಿರದಲ್ಲೇ ಟೆಂಟು. ಎಲ್ಲಾ ಚೆನ್ನಾಗೇ ಇತ್ತು. ಆದ್ರೆ ಬೆವರಲ್ಲಿ ನೆಂದ ಜೀನ್ಸ್ ಒಣಗ್ಲಿಲ್ಲ, ಚಳಿಗೆ ತಮ್ಮ ರಾತ್ರಿಯಿಡೀ ನಿದ್ದೆ ಮಾಡಿರ್ಲಿಲ್ಲ. ನಂಗೆ ಹೇಳಲೂ ಇಲ್ಲ.

ಮಾರನೇ ದಿನ ಎದ್ದಿದ್ದೇ ತಡ. ಗಿರಿಗದ್ದೆ ದಾಟಿದ್ಮೇಲೆ ಬೋಳು ಹುಲ್ಲುಗಾವಲು, ನೆತ್ತಿ ಮೇಲೆ ಬಿಸಿಲು. ನಾಲ್ಕು ಜನಕ್ಕೆ ನಾಲ್ಕೇ ಲೀಟರ್ ನೀರು. ಬ್ಲೂಟೂತ್ ಸ್ಪೀಕರ್‌ಗೆ ಮಾತ್ರ ಬ್ಯಾಗಲ್ಲಿ ಜಾಗ ಇತ್ತು! ಕಲ್ಲು ಮಂಟಪ ದಾಟಿ ಶೇಷ ಪರ್ವತದ ಏರಲ್ಲಿ ತಮ್ಮ ಕೂತ್ಬಿಟ್ಟ. ಕಾಲು ಸೆಳೆತ, ತಲೆನೋವು, ವಾಕರಿಕೆ. "ಇನ್ನೊಂದೇ ಗಂಟೆ ಕಣೋ" ಅಂದೆ. ಅವನು ಎದ್ದ. ಶಕ್ತಿ ಇತ್ತು ಅಂತಲ್ಲ, ನಾನು ಹೇಳಿದೆ ಅಂತ. ಅವನ ಮುಖ ನೋಡಿ ನಂಗೆ ನಿಜಕ್ಕೂ ಭಯ ಆಯ್ತು.

ಹತ್ತಿದ್ದನ್ನೆಲ್ಲಾ ಇವನು ಇಳೀಬೇಕಲ್ವಾ? ಹಮಾಲಿ ಅಣ್ಣನ ಮಾತು ಆಗ ಅರ್ಥ ಆಯ್ತು. ಅಲ್ಲಿಂದಲೇ ತಿರುಗಿದ್ವಿ. ಮಂಟಪದ ನೆರಳಲ್ಲಿ ಮಲಗಿಸಿದ್ವಿ. ಇಳಿದು ಬರ್ತಿದ್ದ ಯಾರೋ ಒಬ್ರು ಓಆರ್‌ಎಸ್ ಪೊಟ್ಟಣ, ಅರ್ಧ ಬಾಟ್ಲಿ ನೀರು ಕೊಟ್ರು. ಗುಟುಕು ಗುಟುಕಾಗಿ ಕುಡಿಸಿ, ಅವನ ಬ್ಯಾಗ್ ನಾನು ಹೊತ್ತು, ಕತ್ತಲಾಗೋ ಹೊತ್ತಿಗೆ ಕುಕ್ಕೆ ಸೇರಿದ್ವಿ.

ನೀವು ಹೊರಡೋ ಮುಂಚೆ ಇಷ್ಟು ನೆನಪಿಟ್ಕೊಳ್ಳಿ:

• ಹತ್ತೋಕೆ ಮುಂಚೆನೇ ತಿರುಗೋ ಟೈಮ್ ಗೊತ್ತು ಮಾಡಿ. ಆ ಗಂಟೆ ಆದ್ರೆ ಎಲ್ಲಿದ್ರೂ ವಾಪಸ್.
• ಮೊದಲು ನೀರು ತುಂಬಿ, ಆಮೇಲೆ ಉಳಿದಿದ್ದು. ತೂಕದ ಸಾಮಾನು ಬೆನ್ನಿಗೆ ಅಂಟಿಕೊಂಡಿರ್ಲಿ.
• ಜೀನ್ಸ್ ಬೇಡ. ಮಲಗೋಕೆ ಒಂದು ಜೊತೆ ಒಣಬಟ್ಟೆ ಬೇರೆ ಇಡಿ.
• ಎಲ್ಲರಿಗಿಂತ ನಿಧಾನ ನಡೆಯೋರು ಮುಂದೆ ಇರ್ಲಿ. ಅವರು "ಸಾಕು" ಅಂದ್ರೆ ಸಾಕು.
• ನಿಯಮ ವಿಚಾರಿಸಿ ಹೊರಡಿ. 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಅಲ್ಲಿ ಸೇರಿದ ಜನಸಾಗರ ನೀವೂ ನೋಡಿರ್ತೀರಿ. ಅದಾದ್ಮೇಲೆ ಆನ್‌ಲೈನ್ ಬುಕಿಂಗ್ ಬಂದಿದೆ.

ವಾಪಸ್ ಬಂದಾಗ ಹಮಾಲಿ ಅಣ್ಣ ಶಿಖರದ ಬಗ್ಗೆ ಕೇಳ್ಲಿಲ್ಲ. "ಎಲ್ಲಾರೂ ಬಂದ್ರಾ?" ಅಂದ್ರು, ಅಷ್ಟೇ.

ನೀವು ಅರ್ಧದಿಂದ ವಾಪಸ್ ಬಂದ ಬೆಟ್ಟ ಯಾವುದು? ಹೇಳಿ, ನಾಚ್ಕೋಬೇಡಿ.

#ಅಕ್ಕಿಪೇಟೆ #ಕುಮಾರಪರ್ವತ #ಬೆಟ್ಟಕಲಿಸಿದ್ದು