ನಾಯಕನೆಂಬ ಶಬ್ದವೂ ಒಂದು ಪೆನ್ಸಿಲಿನ ಗುರುತೂ

ಕಳೆದ ಶ್ರಾವಣಮಾಸದಲ್ಲಿ, ಹೊಸದಾಗಿ ಮುಖ್ಯೋಪಾಧ್ಯಾಯಪದವಿಗೆ ಬಂದ ಕೆಲವರ ಶಿಬಿರವೊಂದು ನಮ್ಮ ನೆರೆಯೂರಿನಲ್ಲಿ ನಡೆಯಿತು. ನಿವೃತ್ತರಾಗಿ ಜಗಲಿಯ ಮೇಲೆ ಕುಳಿತಿದ್ದ ನಮ್ಮನ್ನು ಅಲ್ಲಿಗೆ ಕರೆದೊಯ್ದು, ನಿಜವಾದ ನಾಯಕನಾಗುವುದು ಹೇಗೆಂಬ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದರು. ವಿಷಯವು ಯಾವುದೇ ಆಗಿರಲಿ, ಮೊದಲು ಅದರ ಧಾತುವನ್ನು ಹುಡುಕುವುದು ಸಂಸ್ಕೃತ ಓದಿದವರ ಚಾಳಿಯಷ್ಟೆ. ನಾವೂ ಹಾಗೆಯೇ ಮಾಡಿದೆವು. ನಾಯಕನೆಂಬ ಶಬ್ದವು ‘ನೀ’ ಎಂಬ ಧಾತುವಿನಿಂದ ಹುಟ್ಟಿದುದು; ಧಾತುಪಾಠವು ಅದಕ್ಕೆ ಹೇಳುವ ಅರ್ಥ ಪ್ರಾಪಣ, ಎಂದರೆ ಮುಟ್ಟಿಸುವುದು; ಆದುದರಿಂದ ತಾನು ಮುಂದಾಗಿ ನಡೆಯುವವನು ನಾಯಕನಲ್ಲ, ಜತೆಯವರನ್ನು ಅವರು ಸೇರಬೇಕಾದೆಡೆಗೆ ಸೇರಿಸುವವನು ನಾಯಕ, ಎಂದು ವಿವರಿಸಿದೆವು. ನೀತಿ, ನಯ, ಕಣ್ಣಿಗೆ ಹೇಳುವ ನಯನ, ಇವೆಲ್ಲವೂ ಆ ಧಾತುವಿನ ಸಂತಾನವೇ. ‘ವಿ’ ಎಂಬ ಉಪಸರ್ಗ ಸೇರಿದರೆ ವಿನಯವಾಗುತ್ತದೆ. ‘ಅಭಿ’ ಸೇರಿದರೆ ಅಭಿನಯವಾಗುತ್ತದೆ. ನಾಯಕ, ವಿನಯ, ಅಭಿನಯ ಮೂವರೂ ಒಡಹುಟ್ಟಿದವರು ಎಂದು ನಾವು ಮುಗಿಸಿದಾಗ ಸಭಿಕರು ತಲೆದೂಗಿದರು. ಒಂದು ಶಾಲೂ ಒಂದು ಹಣ್ಣಿನ ಬುಟ್ಟಿಯೂ ದೊರೆತವು.

ಹಿಂದಿರುಗುವಾಗ ಬಸ್ಸಿನಲ್ಲಿ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಾಗ ಮನಸ್ಸು ಚುಚ್ಚಿತು. ಆ ಮೂವರಲ್ಲಿ ಕಡೆಯವನಾದ ಅಭಿನಯನನ್ನು ಜತೆಯಲ್ಲಿಟ್ಟುಕೊಂಡೇ ನಾವು ಮೊದಲ ನಾಲ್ಕು ವರ್ಷ ಅಧಿಕಾರ ನಡೆಸಿದೆವೆಂಬುದನ್ನಾಗಲಿ, ಅದರಿಂದ ಒಬ್ಬ ಹುಡುಗನಿಗಾದ ನಷ್ಟವನ್ನಾಗಲಿ ನಾವು ಸಭೆಯಲ್ಲಿ ಹೇಳಿರಲಿಲ್ಲ. ಹೇಳಿದ್ದರೆ ಆ ಹೊಸಬರಿಗೆ ಧಾತುವಿಗಿಂತ ಹೆಚ್ಚಿನ ಉಪಯೋಗವಾಗುತ್ತಿತ್ತು. ಅಲ್ಲಿ ನುಂಗಿಕೊಂಡುದನ್ನು ಇಲ್ಲಿ ಬರೆಯುತ್ತಿದ್ದೇವೆ.

ನಾವು ಉಪಾಧ್ಯಾಯವೃತ್ತಿಗೆ ಸೇರಿದುದು 1989ರಲ್ಲಿ. ಒಂದು ಪ್ರೌಢಶಾಲೆಯ ಮುಖ್ಯೋಪಾಧ್ಯಾಯರಾದುದು 2005ರಲ್ಲಿ. ಹದಿನಾರು ವರ್ಷ ಶಬ್ದರೂಪಗಳನ್ನು ಕಂಠಪಾಠ ಮಾಡಿಸುತ್ತಿದ್ದವರಿಗೆ ಇದ್ದಕ್ಕಿದ್ದಂತೆ ಹದಿಮೂರು ಜನ ಸಹೋದ್ಯೋಗಿಗಳನ್ನು ನಡೆಸುವ ಭಾರ ಬಿದ್ದರೆ ಏನು ಮಾಡಬೇಕು? ನಮಗೆ ತಿಳಿದಿದ್ದ ನಾಯಕರು ಒಬ್ಬರೇ, ನಾವು ಹುಡುಗರಾಗಿದ್ದಾಗ ನಮ್ಮ ಶಾಲೆಯಲ್ಲಿದ್ದ ಹೆಡ್‌ಮಾಸ್ತರು. ಅವರು ಮುಚ್ಚುಕೋಟು ತೊಟ್ಟು ಪಡಸಾಲೆಯ ತುದಿಯಲ್ಲಿ ಒಮ್ಮೆ ಕೆಮ್ಮಿದರೆ ಹತ್ತು ಕೋಣೆಗಳೂ ನಿಶ್ಶಬ್ದವಾಗುತ್ತಿದ್ದವು. ಕನ್ನಡಕದ ಮೇಲುಗಡೆಯಿಂದ ನೋಡುವ ನೋಟ, ಕೇಳಿದ ಪ್ರಶ್ನೆಗೆ ಸ್ವಲ್ಪ ತಡೆದು ಉತ್ತರ ಕೊಡುವ ಗಾಂಭೀರ್ಯ, ಇವೆಲ್ಲ ನಮ್ಮ ಕಣ್ಣಿಗೆ ಕಟ್ಟಿದ್ದವು. ನಾವು ಅವನ್ನೆಲ್ಲ ಹಾಗೆಯೇ ಧರಿಸಿಕೊಂಡೆವು. ಕೆಮ್ಮನ್ನೂ ಬಿಡಲಿಲ್ಲ. ಪಾಪ, ಅವರಿಗೆ ಉಬ್ಬಸವಿದ್ದಿತು. ನಮ್ಮ ಎದೆ ಗಟ್ಟಿಯಾಗಿಯೇ ಇದ್ದಿತು. ಹುಡುಗರಿಗೆ ಈ ಭೇದ ತಿಳಿಯಲು ಒಂದು ತಿಂಗಳೂ ಹಿಡಿಯಲಿಲ್ಲ. ನಾವು ಪಡಸಾಲೆಯಲ್ಲಿ ಕೆಮ್ಮಿದೊಡನೆ ಒಂಬತ್ತನೆಯ ತರಗತಿಯಿಂದ ಪ್ರತಿಕೆಮ್ಮು ಕೇಳಿಬರತೊಡಗಿತು.

ಆ ಹಿರಿಯರ ಇನ್ನೊಂದು ಅಭ್ಯಾಸವನ್ನೂ ನಾವು ಬಾಲ್ಯದಲ್ಲಿ ಕಿಟಕಿಯಿಂದ ಕಂಡಿದ್ದೆವು. ಸಂಜೆ ಶಾಲೆ ಬಿಟ್ಟಮೇಲೆ ಅವರು ಗುಮಾಸ್ತರನ್ನು ಎದುರಿಗೆ ಕೂಡಿಸಿಕೊಂಡು, ದಾಖಲೆಯ ಪುಸ್ತಕದ ಮೇಲೆ ಬೆರಳಿಟ್ಟು, ಒಂದೊಂದು ಹೆಸರನ್ನೂ ಒಂದೊಂದು ತಾರೀಖನ್ನೂ ಗಟ್ಟಿಯಾಗಿ ಓದಿಸುತ್ತಿದ್ದರು. ಇದೇನೋ ಮುದುಕರ ಸಂಶಯಬುದ್ಧಿಯೆಂದು ಆಗ ಎಣಿಸಿದ್ದೆವು. ಅದೊಂದನ್ನು ಮಾತ್ರ ಅನುಕರಿಸಲಿಲ್ಲ.

2009ರ ಫೆಬ್ರವರಿಯಲ್ಲಿ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ತಂದೆಯೊಡನೆ ಶಾಲೆಗೆ ಬಂದನು. 2007ರಲ್ಲಿ ನಮ್ಮಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿದವನು. ಓದಿನಲ್ಲಿ ಸಾಧಾರಣ, ಓಟದಲ್ಲಿ ಗಾಳಿ. ಸೈನ್ಯಕ್ಕೆ ಸೇರಬೇಕೆಂಬುದೊಂದೇ ಅವನ ಹಂಬಲ. ಭರ್ತಿಗೆ ಹೋದರೆ, ಆಗಿನ ನಿಯಮದಂತೆ ಹದಿನೇಳೂವರೆ ವರ್ಷ ತುಂಬಿರಬೇಕಾದಲ್ಲಿ, ಅಂಕಪಟ್ಟಿಯ ಪ್ರಕಾರ ಅವನಿಗೆ ಹದಿನಾರೂ ಚಿಲ್ಲರೆಯಾಗುತ್ತಿತ್ತು. ಓಡಲು ಬಿಡದೆ ಗೇಟಿನಿಂದಲೇ ಕಳುಹಿಸಿದರು. ಅವನು ಹುಟ್ಟಿದುದು 1991ರಲ್ಲಿ. ಅಂಕಪಟ್ಟಿಯಲ್ಲಿ ಬಿದ್ದಿದ್ದುದು 1992. ಹತ್ತನೆಯ ತರಗತಿಯ ಅಂಕಪಟ್ಟಿಯಲ್ಲಿ ಅಚ್ಚಾದ ಜನ್ಮದಿನಾಂಕವೇ ಮುಂದೆ ಎಲ್ಲೆಡೆಯೂ ಪ್ರಮಾಣವಾಗುವುದೆಂಬುದು ಮಕ್ಕಳಿರುವ ಗೃಹಸ್ಥರಿಗೆ ತಿಳಿದೇ ಇದೆ. ಅಂಕಪಟ್ಟಿಗೆ ಆಧಾರ ಶಾಲೆಯಿಂದ ಹೋಗುವ ಹೆಸರುಪಟ್ಟಿ. ಹೆಸರುಪಟ್ಟಿಗೆ ಕಡೆಯ ರುಜು ಮುಖ್ಯೋಪಾಧ್ಯಾಯನದು.

ನಾವು ಆ ತಂದೆಮಕ್ಕಳ ಎದುರಿನಲ್ಲಿಯೇ ಗುಮಾಸ್ತರನ್ನು ಕರೆಸಿದೆವು. ಇಬ್ಬರು ಉಪಾಧ್ಯಾಯರೂ ಅಲ್ಲಿಯೇ ಇದ್ದರು. ಕನ್ನಡಕದ ಮೇಲುಗಡೆಯಿಂದ ನೋಡಿ, ಬರೆಯುವಾಗ ಕಣ್ಣೆಲ್ಲಿತ್ತೆಂದು ಕೇಳಿದೆವು. ಅವರು ಸೇವೆಯಲ್ಲಿ ನಮಗಿಂತ ಹಿರಿಯರು, ಮಾತು ಕಡಿಮೆ. “ಹಳೆಯ ಕರಡು ಇರಬಹುದು, ನೋಡಿದರೆ ತಿಳಿಯುತ್ತದೆ ಸಾರ್” ಎಂದಷ್ಟೇ ಹೇಳಿ ನಿಂತರು. ಅದನ್ನು ನಾವು ಉದ್ಧಟತನವೆಂದು ಎಣಿಸಿದೆವು.

ಶನಿವಾರ ಮಧ್ಯಾಹ್ನ ಎಲ್ಲರೂ ಹೋದಮೇಲೆ ಬೀರುವನ್ನು ತೆರೆದು ಕರಡನ್ನು ಹುಡುಕಿದೆವು. ಅವರ ತಪ್ಪನ್ನು ಕೈಯಲ್ಲಿ ಹಿಡಿದು ತೋರಿಸಬೇಕೆಂಬುದೇ ನಮ್ಮ ಉದ್ದೇಶವೆಂಬುದನ್ನು ಮುಚ್ಚಿಡುವುದಿಲ್ಲ. ಕರಡು ಸಿಕ್ಕಿತು. ಆ ಹುಡುಗನ ಹೆಸರಿನ ಮುಂದೆ ಪೆನ್ಸಿಲಿನಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ, ಅದರ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ‘ವ. ಪತ್ರ ನೋಡಬೇಕು’ ಎಂದು ಗುಮಾಸ್ತರ ಕೈಬರಹ. ದಾಖಲಾತಿ ಪುಸ್ತಕದಲ್ಲಿ ಕಡೆಯ ಅಂಕಿಯನ್ನು ಯಾರೋ ತಿದ್ದಿದ್ದುದರಿಂದ ಅದು ಒಂದೋ ಎರಡೋ ತಿಳಿಯುತ್ತಿರಲಿಲ್ಲ. ಕೆಳಗಿನ ಶಾಲೆಯ ವರ್ಗಾವಣೆ ಪತ್ರವನ್ನು ನೋಡಿ ನಿಶ್ಚಯಿಸಬೇಕಾಗಿತ್ತು. ಆ ಪತ್ರಗಳ ಕಟ್ಟು ಅಟ್ಟದ ಮೇಲಿತ್ತು. ಇಳಿಸಿ ಹುಡುಕಲು ಒಂದು ಗಂಟೆ ಬೇಕು. ಪೆನ್ಸಿಲಿನ ಗುರುತಿನ ಮೇಲೆ ಕೆಂಪು ಶಾಯಿಯಲ್ಲಿ ‘ಸರಿ’ ಎಂದು ಬರೆದಿತ್ತು. ಆ ಅಕ್ಷರ ನಮ್ಮದು.

ಸೋಮವಾರ ಹೇಳಲಿಲ್ಲ. ಮಂಗಳವಾರವೂ ಹೇಳಲಿಲ್ಲ. ಕಾರಣಗಳೇನೂ ಕಡಿಮೆಯಿರಲಿಲ್ಲ: ಅಧಿಕಾರದ ಗೌರವ ಕೆಡಬಾರದು, ಪರೀಕ್ಷೆ ಹತ್ತಿರ ಬಂದಿದೆ, ಇತ್ಯಾದಿ. ಆ ರಾತ್ರಿಗಳಲ್ಲಿ ನಿದ್ರೆ ಬಾರದೆ ಕೌಟಿಲ್ಯನ ಅರ್ಥಶಾಸ್ತ್ರವನ್ನು ತೆಗೆದೆವು. ಮೈಸೂರಿನ ಓರಿಯೆಂಟಲ್ ಲೈಬ್ರರಿಗೆ ಬಂದ ತಾಳೆಯೋಲೆಯ ಪ್ರತಿಯಿಂದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚುಹಾಕಿಸಿದ ಆ ಗ್ರಂಥದ ಹೆಸರನ್ನೆತ್ತಿದರೆ ಜನರಿಗೆ ಗೂಢಚಾರರೂ ತೆರಿಗೆಗಳೂ ಮಾತ್ರ ನೆನಪಿಗೆ ಬರುತ್ತಾರೆ. ಆದರೆ ಹದಿನೈದು ಅಧಿಕರಣಗಳ ಆ ಗ್ರಂಥದ ಮೊದಲನೆಯ ಅಧಿಕರಣದ ಹೆಸರು ವಿನಯಾಧಿಕಾರಿಕ. ಕೋಶವಲ್ಲ, ಕೋಟೆಯಲ್ಲ, ಸೇನೆಯಲ್ಲ; ಮೊದಲು ವಿನಯ. ಅಲ್ಲಿ ವಿನಯವೆಂದರೆ ಬಗ್ಗಿ ಕೈಮುಗಿಯುವುದಲ್ಲ, ಶಿಕ್ಷಣ; ಆಳಬೇಕಾದವನು ತಿಳಿದವರಿಂದ ಕಲಿತು ತನ್ನನ್ನು ತಾನು ಹದಕ್ಕೆ ತಂದುಕೊಳ್ಳುವುದು. ಇದನ್ನು ನಾವೇ ಎಷ್ಟೋ ಜನಕ್ಕೆ ಹೇಳಿದ್ದೆವು. ನಮಗೆ ನಾವು ಹೇಳಿಕೊಂಡಿರಲಿಲ್ಲ.

ಬುಧವಾರ ಉಪಾಧ್ಯಾಯರ ಸಭೆಯನ್ನು ಸೇರಿಸಿ, ಕರಡನ್ನು ಮೇಜಿನ ಮೇಲಿಟ್ಟು, ತಪ್ಪು ಗುಮಾಸ್ತರದಲ್ಲ, ನಮ್ಮದು ಎಂದೆವು. ಧ್ವನಿ ನಡುಗಿತು, ಕೆಮ್ಮು ನಿಜವಾಗಿಯೇ ಬಂತು. ಸಭೆ ಸುಮ್ಮನಿತ್ತು. ನಾವು ಎಣಿಸಿದ್ದಂತೆ ಆಕಾಶ ಕಳಚಿ ಬೀಳಲೂ ಇಲ್ಲ, ಯಾರೂ ಕಣ್ಣೀರು ಸುರಿಸಲೂ ಇಲ್ಲ. ಎಲ್ಲರೂ ಎದ್ದುಹೋದಮೇಲೆ ಗುಮಾಸ್ತರು, “ಆ ಪೆನ್ಸಿಲಿನ ಗುರುತನ್ನು ಅಂದೇ ಅಳಿಸಿಬಿಡಬೇಕೆಂದಿದ್ದೆ ಸಾರ್, ಮರೆತುಹೋಯಿತು” ಎಂದರು. ಅದು ಕ್ಷಮೆಯೋ ಚುಚ್ಚುಮಾತೋ ಇಂದಿಗೂ ನಮಗೆ ನಿರ್ಣಯವಾಗಿಲ್ಲ.

ಆದರೆ ಒಂದು ಬದಲಾವಣೆಯಾಯಿತು. ಗಣಿತದ ಮೇಷ್ಟರೊಬ್ಬರು ಅರ್ಧವಾರ್ಷಿಕದ ಅಂಕಗಳನ್ನು ಕೂಡುವಾಗ ಮಾಡಿದ್ದ ತಪ್ಪನ್ನು ತಾವಾಗಿಯೇ ತಂದು ತೋರಿಸಿದರು. ಪ್ರಯೋಗಶಾಲೆಯ ತಕ್ಕಡಿ ಕೆಟ್ಟು ಎರಡು ವರ್ಷವಾಗಿತ್ತೆಂಬುದು ಆಗ ಹೊರಗೆ ಬಿತ್ತು. ಕೆಮ್ಮಿನ ಕಾಲದಲ್ಲಿ ಶಾಲೆಯಲ್ಲಿ ತಪ್ಪುಗಳಿರಲಿಲ್ಲವೆಂದಲ್ಲ. ನಮ್ಮವರೆಗೆ ಬರುತ್ತಿರಲಿಲ್ಲ, ಅಷ್ಟೆ.

ಇಲ್ಲಿಗೆ ಕಥೆ ಮುಗಿದಿದ್ದರೆ ನಾವೂ ಅದನ್ನು ಶಿಬಿರದಲ್ಲಿ ಧೈರ್ಯವಾಗಿ ಹೇಳುತ್ತಿದ್ದೆವೇನೋ. ಮುಗಿಯಲಿಲ್ಲ. ತಪ್ಪೊಪ್ಪಿಕೊಂಡುದರಿಂದ ನಮಗೊಂದು ಹೆಸರು ಬಂತು. ಎಷ್ಟು ದೊಡ್ಡ ಮನಸ್ಸೆಂದು ಯಾರೋ ಹೊಗಳಿದರು. ಅದರ ರುಚಿ ಹತ್ತಿತು. ಸಣ್ಣಪುಟ್ಟದಕ್ಕೂ ಸಭೆಯಲ್ಲಿ ಕ್ಷಮೆ ಕೇಳತೊಡಗಿದೆವು; ಊಟಕ್ಕೆ ತಡವಾಗಿ ಬಂದರೆ ಮನೆಯಲ್ಲಿಯೂ ಒಂದು ಉಪನ್ಯಾಸ. ಒಂದು ದಿನ ನಮ್ಮ ಮನೆಯವರು ಬಡಿಸುತ್ತ, “ಮೊದಲು ನೀವು ಕೆಮ್ಮುತ್ತಿದ್ದಿರಿ, ಈಗ ಕ್ಷಮೆ ಕೇಳುತ್ತೀರಿ. ನನಗೆ ಎರಡೂ ಒಂದೇ ಸ್ವರವಾಗಿ ಕೇಳಿಸುತ್ತದೆ” ಎಂದರು, ತುಸು ತಡೆದು, “ಅದಿರಲಿ, ಆ ಹುಡುಗನ ಕಾಗದ ಏನಾಯಿತು?” ಎಂದು ಕೇಳಿದರು.

ಕೈಯ ತುತ್ತು ಕೈಯಲ್ಲಿಯೇ ಉಳಿಯಿತು. ತಿದ್ದುಪಡಿಯ ಅರ್ಜಿಯನ್ನು ಅಂಚೆಯಲ್ಲಿ ಕಳುಹಿಸಿ ನಾವು ನಿಶ್ಚಿಂತರಾಗಿದ್ದೆವು. ದಾಖಲಾತಿ ಪುಸ್ತಕದ ದೃಢೀಕೃತ ನಕಲನ್ನು ಲಗತ್ತಿಸಲು ನಾವೇ ಮರೆತಿದ್ದುದರಿಂದ ಅದು ಹಿಂದಿರುಗಿ ಬಂದು, ಐದು ವಾರಗಳಿಂದ ನಮ್ಮ ಮೇಜಿನ ಅಡಿಯ ಕಟ್ಟಿನಲ್ಲಿಯೇ ಇತ್ತು.

ಗಾಂಧಿಯವರ ಆತ್ಮಕಥೆಯಲ್ಲಿ ತಮ್ಮ ತಪ್ಪನ್ನು ಹಿಮಾಲಯದಷ್ಟು ದೊಡ್ಡದೆಂದು ಕರೆದುಕೊಂಡ ಪ್ರಕರಣವನ್ನು ನಾವು ಎಷ್ಟೋ ಸಲ ತರಗತಿಯಲ್ಲಿ ಓದಿ ಹೇಳಿದ್ದೇವೆ. 1919ರ ಏಪ್ರಿಲಿನಲ್ಲಿ ಅಹಮದಾಬಾದು ಮೊದಲಾದೆಡೆಗಳಲ್ಲಿ ಗಲಭೆಗಳಾದಾಗ, ಶಾಸನಕ್ಕೆ ಮನಃಪೂರ್ವಕವಾಗಿ ವಿಧೇಯರಾಗುವುದನ್ನು ಇನ್ನೂ ಕಲಿಯದ ಜನರನ್ನು ಶಾಸನಭಂಗಕ್ಕೆ ಕರೆದುದು ತಮ್ಮ ದೋಷವೆಂದು ಅವರು ನಡಿಯಾದಿನಲ್ಲಿ ಒಪ್ಪಿಕೊಂಡರು, ಪರಿಹಾಸ್ಯಕ್ಕೂ ಗುರಿಯಾದರು. ಹುಡುಗರಿಗೆ ನಾವು ಹೇಳುತ್ತಿದ್ದುದು ಇಷ್ಟನ್ನೇ. ಒಪ್ಪಿಕೊಂಡವರು ಅಷ್ಟಕ್ಕೆ ಬಿಡದೆ ಸತ್ಯಾಗ್ರಹವನ್ನೇ ನಿಲ್ಲಿಸಿದರೆಂಬುದನ್ನು ನಾವು ಒತ್ತಿ ಹೇಳಿದವರಲ್ಲ. 1922ರ ಫೆಬ್ರವರಿಯಲ್ಲಿ ಚೌರೀಚೌರಾದಲ್ಲಿ ಜನರು ಠಾಣೆಗೆ ಬೆಂಕಿಯಿಟ್ಟು ಪೊಲೀಸರನ್ನು ಕೊಂದಾಗಲೂ ಹಾಗೆಯೇ. ಸೆರೆಮನೆಯಲ್ಲಿದ್ದ ಮುಂದಾಳುಗಳೇ ಬೇಸರಪಟ್ಟರೂ ಚಳವಳಿಯನ್ನು ನಿಲ್ಲಿಸಿ, ತಾವು ಐದು ದಿನ ಉಪವಾಸವಿದ್ದರು. ಅವರ ಬಾಯ ಮಾತಿಗೆ ಬೆಲೆ ತೆತ್ತವರು ಅವರೇ. ನಮ್ಮ ಮಾತಿಗೆ ಬೆಲೆ ತೆರುತ್ತಿದ್ದವನು ಆ ಹುಡುಗ.

ಮರುದಿನ ಅಟ್ಟದ ಕಟ್ಟನ್ನು ನಾವೇ ಇಳಿಸಿದೆವು. ವರ್ಗಾವಣೆ ಪತ್ರದಲ್ಲಿ ಒಂದೆಂಬ ಅಂಕಿ ನಿಚ್ಚಳವಾಗಿತ್ತು. ರಜೆ ಹಾಕಿ, ಹುಡುಗನನ್ನು ಕರೆದುಕೊಂಡು, ಎರಡು ಸಲ ಬೆಂಗಳೂರಿಗೆ ಹೋಗಿ ಬಂದೆವು. ದಾರಿಯಲ್ಲಿ ಅವನೊಡನೆ ಆಡಲು ಮಾತೇ ತೋರಲಿಲ್ಲ; ಕ್ಷಮೆಯ ಉಪನ್ಯಾಸವಂತೂ ಬಾಯಿಗೆ ಬರಲಿಲ್ಲ. ತುಮಕೂರಿನಲ್ಲಿ ಬಸ್ಸು ನಿಂತಾಗ ಇಬ್ಬರೂ ಇಡ್ಲಿ ತಿಂದೆವು. ಹಣ ಕೊಡಲು ಅವನು ನಮ್ಮನ್ನು ಬಿಡಲಿಲ್ಲ.

ಎಲ್ಲ ಸೇರಿ ಎಂಟು ತಿಂಗಳಾದಮೇಲೆ ತಿದ್ದಿದ ಅಂಕಪಟ್ಟಿ ಬಂತು. ಮರುವರ್ಷ ಭರ್ತಿಯಲ್ಲಿ ಅವನನ್ನು ಒಳಗೆ ಬಿಟ್ಟರು. ಸಾವಿರದ ಆರುನೂರು ಮೀಟರು ಓಡಬೇಕು. ನಮ್ಮ ಮೈದಾನದಲ್ಲಿ ಬರಿಗಾಲಿನಲ್ಲಿ ಎಲ್ಲರನ್ನೂ ಹಿಂದೆ ಹಾಕುತ್ತಿದ್ದವನು ಅಂದು ಹೊತ್ತಿನೊಳಗೆ ಮುಟ್ಟಲಿಲ್ಲ. ಕಾಗದ ಬರುವುದೇ ಇಲ್ಲವೆಂದು ಬೇಸತ್ತು ಆ ಎಂಟು ತಿಂಗಳು ಓಡುವುದನ್ನೇ ಬಿಟ್ಟಿದ್ದನಂತೆ. ಇದನ್ನು ಅವನ ತಂದೆ ಸಂತೆಯಲ್ಲಿ ಸಿಕ್ಕಾಗ ಯಾವ ಆಕ್ಷೇಪಣೆಯೂ ಇಲ್ಲದೆ, ಮಳೆಬೆಳೆಯ ಮಾತಿನ ನಡುವೆ ಹೇಳಿದರು.

ಅಂದಿನಿಂದ 2024ರಲ್ಲಿ ನಿವೃತ್ತರಾಗುವವರೆಗೆ, ಪ್ರತಿವರ್ಷವೂ ಹೆಸರುಪಟ್ಟಿ ಹೋಗುವ ಮುಂಚೆ, ಸಂಜೆಯ ಹೊತ್ತು ಗುಮಾಸ್ತರನ್ನು ಎದುರಿಗೆ ಕೂಡಿಸಿಕೊಂಡು, ಬೆರಳಿಟ್ಟು, ಗಟ್ಟಿಯಾಗಿ ಓದಿಸಿದೆವು. ಕಿಟಕಿಯಿಂದ ನೋಡಿದ ಹುಡುಗರು ಏನೆಂದುಕೊಂಡರೋ. ಮುಚ್ಚುಕೋಟಿನ ಆ ಹಿರಿಯರಿಂದ ಕಲಿಯಬೇಕಾಗಿದ್ದುದನ್ನು ಕಲಿಯುವ ಹೊತ್ತಿಗೆ ನಮಗೆ ನಲವತ್ತೈದು ದಾಟಿತ್ತು.

ಆ ಹುಡುಗ ಈಗ ಒಂದು ಟ್ರ್ಯಾಕ್ಟರನ್ನು ಇಟ್ಟುಕೊಂಡು ಬಾಡಿಗೆಗೆ ಓಡಿಸುತ್ತಾನೆ. ಈ ವರ್ಷ ಮೇ ತಿಂಗಳಿನಲ್ಲಿ ಮಗಳನ್ನು ಒಂದನೆಯ ತರಗತಿಗೆ ಸೇರಿಸುವ ಅರ್ಜಿಯನ್ನು ಹಿಡಿದು ನಮ್ಮ ಮನೆಗೆ ಬಂದು, “ನಿಮ್ಮ ಕೈಯಿಂದಲೇ ತುಂಬಿಕೊಡಿ ಮೇಷ್ಟ್ರೇ” ಎಂದನು. ಮಗು ಜಗಲಿಯ ಕಂಬವನ್ನು ಸುತ್ತುತ್ತಿತ್ತು. ನಾವು ಕನ್ನಡಕ ಹಾಕಿಕೊಂಡು, ಅವನು ಕೊಟ್ಟ ಜನನಪತ್ರವನ್ನು ಪಕ್ಕದಲ್ಲಿಟ್ಟುಕೊಂಡು, ನಿಧಾನವಾಗಿ ತುಂಬಿಕೊಟ್ಟೆವು. ಅವನು ಅರ್ಜಿಯನ್ನು ತೆಗೆದುಕೊಂಡು, ಜನನಪತ್ರವನ್ನು ಬಿಡಿಸಿ, ಎರಡನ್ನೂ ಮೊಣಕಾಲಿನ ಮೇಲೆ ಜೋಡಿಸಿಟ್ಟು, ತಾರೀಖಿನ ಒಂದೊಂದು ಅಂಕಿಯ ಮೇಲೂ ಬೆರಳಿಟ್ಟು ನೋಡಿದನು. ಒಮ್ಮೆ ನೋಡಿ ಮುಗಿಸಿ, ಮತ್ತೆ ಮೊದಲಿನಿಂದ ನೋಡಿದನು. ಅಷ್ಟು ಹೊತ್ತೂ ನಾವು ಪೆನ್ನಿನ ಮುಚ್ಚಳವನ್ನು ಕೈಯಲ್ಲಿ ಹಿಡಿದುಕೊಂಡು ಕಾದು ಕುಳಿತಿದ್ದೆವು.